ಓಲೆ ಹಾಕಿದ ಸೊಪ್ಪು

ಮಾತು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದಾಗ, ಹಿಂದಿನ ಬೆಂಚಿನವರೆಗೆ ಕೇಳುವ ದನಿಯಲ್ಲಿ ಇಪ್ಪತ್ತಾರು ವರ್ಷ ಕನ್ನಡ ಪಾಠ ಹೇಳಿ ಆಗಿತ್ತು. ಗಂಟಲೊಳಗೆ ಸಾಸಿವೆ ಕಾಳಿನಷ್ಟು ಎರಡು ಗಂಟುಗಳು ಎದ್ದಿದ್ದವು. ಅವು ಅಪಾಯದವಲ್ಲ, ಆದರೆ ನಾನು ಪಾಠ ನಿಲ್ಲಿಸದೆ ಅವು ಕರಗುವಂತಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಸ್ವಯಂನಿವೃತ್ತಿ ಪಡೆದು ಗಂಜಾಮಿನ ಮನೆಗೆ ಬಂದು ಕುಳಿತೆ. ಮೊದಲ ತಿಂಗಳು ಮನೆಯ ಕಪಾಟುಗಳನ್ನೆಲ್ಲ ಓರಣ ಮಾಡಿದೆ. ಎರಡನೆಯ ತಿಂಗಳು, ಓರಣವಾಗಿದ್ದ ಕಪಾಟುಗಳನ್ನೇ ಮತ್ತೊಮ್ಮೆ ಓರಣ ಮಾಡಿದೆ. ಮೂರನೆಯ ತಿಂಗಳು ಒಂದು ಫೋನು ಬಂತು.

ಕರೆ ಮಾಡಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಊರು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ; ನಾನು ಆ ಕಡೆಯ ಶಾಲೆಯೊಂದರಲ್ಲಿದ್ದಾಗ ಮೂರು ವರ್ಷ ನನ್ನ ಬಳಿ ಓದಿದ್ದಳು. ಆಗ ಅವಳ ಪುಸ್ತಕದ ಅಂಚುಗಳಲ್ಲಿ ಮಿಡತೆ, ಏರೋಪ್ಲೇನ್ ಚಿಟ್ಟೆಗಳ ಚಿತ್ರಗಳಿರುತ್ತಿದ್ದವು; ನಾನು ಅವುಗಳ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ಹೊಳೆಯಲ್ಲಿ ಬದುಕುವ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆಂದು ತಿಳಿದಾಗ ಆ ಕೆಂಪು ಗೆರೆಗಳು ನೆನಪಾಗಿ ನನಗೆ ಸ್ವಲ್ಪ ಮುಜುಗರವಾಯಿತು.

“ಮೇಡಂ, ನಂಗೆ ನೋಟ್‌ಬುಕ್ ಬರೆಯೋರು ಒಬ್ರು ಬೇಕು. ನಾನು ನೀರಲ್ಲಿ ನಿಂತ್ಕೊಂಡು ಹೇಳ್ತೀನಿ, ದಡದಲ್ಲಿ ಕೂತ್ಕೊಂಡು ಬರೀಬೇಕು. ಒಂದಂಕಿನೂ ತಪ್ಪಂಗಿಲ್ಲ. ಅಂಥೋರು ನಂಗೆ ಗೊತ್ತಿರೋದು ನೀವೊಬ್ರೇ.”

“ನಾನು ಮಾತಾಡುವ ಹಾಗಿಲ್ಲವಲ್ಲ,” ಎಂದು ಪಿಸುದನಿಯಲ್ಲಿ ಹೇಳಿದೆ.

“ಹುಳಕ್ಕೆ ಮಾತು ಬೇಡ ಮೇಡಂ. ನೀವು ಸುಮ್ನಿದ್ರೆ ಅವಕ್ಕೂ ಒಳ್ಳೇದು.”

ತರಗತಿಯಲ್ಲಿ ನನಗೆ ಹೀಗೆ ಹೇಳಿದ್ದರೆ ಅವಳು ಬಾಗಿಲ ಹೊರಗೆ ನಿಲ್ಲಬೇಕಾಗುತ್ತಿತ್ತು. ಈಗ ನಾನು ನಕ್ಕೆ. ನಕ್ಕದ್ದಕ್ಕೆ ಗಂಟಲು ನೋಯಲಿಲ್ಲವೆಂಬುದನ್ನೂ ಗಮನಿಸಿದೆ.

ಅವಳು ಒಂದು ಭಾನುವಾರ ಬಂದು ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಹೇಳಿದ್ದನ್ನು ನನಗೆ ಅರ್ಥವಾದ ಕ್ರಮದಲ್ಲಿ ಬರೆಯುತ್ತೇನೆ. ಭೂಮಿಯ ಮೇಲಿನ ಗಿಡಮರಗಳೆಲ್ಲ ಸೇರಿ ಒಂದು ವರ್ಷದಲ್ಲಿ ಎಷ್ಟು ಬೆಳೆಯುತ್ತವೆ ಎಂಬುದನ್ನು ಈಗ ಉಪಗ್ರಹಗಳಿಂದ ನೋಡಿ ಅಂದಾಜು ಮಾಡುತ್ತಾರೆ. ಯಾವ ಸೀಮೆ ಎಷ್ಟು ಹಸಿರನ್ನು ಬೆಳೆಯುತ್ತದೆ ಎಂದು ತೋರಿಸುವ ಭೂಪಟಗಳೇ ಇವೆ. ಆದರೆ ಬೆಳೆದ ಎಲೆ ಉದುರುತ್ತದೆ. ಉದುರಿದ್ದರಲ್ಲಿ ಒಂದು ಪಾಲು ಹೊಳೆಗೆ ಬೀಳುತ್ತದೆ. ಅದನ್ನು ಹುಳುಗಳು ಕತ್ತರಿಸಿ ತಿನ್ನುತ್ತವೆ. ಹುಳು ಮೀನಿನ ಹೊಟ್ಟೆಗೂ ಮೀನು ಕೊಕ್ಕರೆಯ ಹೊಟ್ಟೆಗೂ ಹೋಗುತ್ತದೆ. ಹಾಗಾದರೆ ಹಸಿರು ಹೆಚ್ಚಿರುವ ಸೀಮೆಯಲ್ಲಿ ಹೊಳೆಯ ಹುಳುಗಳ ಕೆಲಸವೂ ಹೆಚ್ಚೇ? ಅಥವಾ ಬಿಸಿಲ ನಾಡಿನಲ್ಲಿ, ಹುಳು ಬಾಯಿ ಹಾಕುವ ಮೊದಲೇ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲೆಯನ್ನು ಮುಗಿಸಿಬಿಡುತ್ತವೆಯೇ? ಇದನ್ನು ತಿಳಿಯಲು ಬೇರೆ ಬೇರೆ ದೇಶಗಳಲ್ಲಿ, ಒಂದೇ ನಿಯಮಕ್ಕೆ ಕಟ್ಟುಬಿದ್ದು, ಹೊಳೆಗಳಲ್ಲಿ ಎಲೆಯ ಚೀಲಗಳನ್ನು ಮುಳುಗಿಸಿ ನೋಡಿ, ಆ ಹೊಳೆಗಳ ಪಟ್ಟಿ ಮಾಡಿ, ಭೂಪಟದಲ್ಲಿ ಹೊಳೆಗೊಂದು ಚುಕ್ಕಿ ಇಡುತ್ತಿದ್ದರು. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರವನ್ನು ಹಾದು, ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ನಮ್ಮ ಲೋಕಪಾವನಿಯೂ ಆ ಪಟ್ಟಿಗೆ ಸೇರಬೇಕೆಂಬುದು ಅವಳ ಆಸೆ. ಪತ್ರದ ಮೇಲೆ ಪತ್ರ ಬರೆದು ಅದಕ್ಕೆ ಅವಕಾಶ ಪಡೆದಿದ್ದಳು.

“ದೊಡ್ಡೋರೆಲ್ಲ ಏನಂತಾರೆ ಗೊತ್ತಾ ಮೇಡಂ? ನಮ್ಮಂಥ ಬಿಸಿಲ ಕಡೆ ಹೊಳೇಲಿ ಎಲೆ ಕತ್ತರ್ಸೋ ಹುಳ ಅಪರೂಪ ಅಂತ. ನಮ್ಮೂರ ಹಳ್ಳದಲ್ಲಿ ಚಿಕ್ಕೋಳಿದ್ದಾಗಿಂದ ನೋಡಿವ್ನಿ ನಾನು. ಆದ್ರೆ ನೋಡಿವ್ನಿ ಅಂದ್ರೆ ಯಾರು ಕೇಳ್ತಾರೆ? ತೂಕ ಮಾಡಿ ತೋರಿಸ್ಬೇಕು.”

ತೂಕ ಮಾಡಿ ತೋರಿಸುವ ಉಪಾಯ ಸರಳವಾಗಿತ್ತು. ಎರಡು ಬಗೆಯ ಬಲೆಯ ಚೀಲಗಳು. ಎರಡರಲ್ಲೂ ಸಮತೂಕದ ಒಂದೊಂದು ಹಿಡಿ ಒಣ ಹೊಂಗೆಯೆಲೆ. ಒಂದರ ಕಣ್ಣು ದೊಡ್ಡದು, ಹುಳು ಒಳಹೊಕ್ಕು ಊಟ ಮಾಡಬಹುದು. ಇನ್ನೊಂದರ ಕಣ್ಣು ಎಷ್ಟು ಸಣ್ಣದೆಂದರೆ ಸೂಕ್ಷ್ಮಜೀವಿಗಳ ಹೊರತು ಮತ್ತಾರಿಗೂ ಪ್ರವೇಶವಿಲ್ಲ. ಕೆಲವು ವಾರಗಳ ಮೇಲೆ ಎರಡನ್ನೂ ಎತ್ತಿ ಉಳಿದ ಎಲೆಯನ್ನು ತೂಗಿದರೆ, ನಡುವಣ ವ್ಯತ್ಯಾಸವೇ ಹುಳುಗಳು ಉಂಡ ಊಟ. ಹೊಳೆಯ ಮೂರು ಜಾಗಗಳಲ್ಲಿ, ನಾಲ್ಕು ಸರದಿಯಲ್ಲಿ, ಪ್ರತಿ ಸರದಿಗೂ ಐದೈದು ಜೋಡಿ ಚೀಲಗಳನ್ನು ಎತ್ತಬೇಕು. ಐದರಲ್ಲಿ ಎರಡು ಕೆಟ್ಟರೂ ನಡೆಯುತ್ತದೆ. ಮೂರು ಜೋಡಿಯಾದರೂ ಸರಿಯಾಗಿ ಸಿಗಬೇಕು. ಯಾವುದೇ ಜಾಗದಲ್ಲಿ, ಯಾವುದೇ ಸರದಿಯಲ್ಲಿ ಮೂರಕ್ಕಿಂತ ಕಡಿಮೆಯಾದರೆ ಇಡೀ ಹೊಳೆಯೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಪಟ್ಟಿ ಆ ವರ್ಷಕ್ಕೇ ಮುಗಿಯುವುದರಿಂದ ಎರಡನೆಯ ಅವಕಾಶವಿರಲಿಲ್ಲ. ಇಷ್ಟು ನಿಯಮನಿಷ್ಠವಾದ ವಿದ್ಯೆಯೊಂದು ಇದೆಯೆಂದು ತಿಳಿಯದೆ ಐವತ್ತೆರಡು ವರ್ಷ ಕಳೆದೆನಲ್ಲ ಎಂದು ನನಗೆ ವ್ಯಥೆಯಾಯಿತು.

ಎಲೆಗಳನ್ನು ಶೀಳನೆರೆಯಲ್ಲಿ, ಅವಳ ತಂದೆಯ ಹೊಲದ ಬದುವಿನ ಹೊಂಗೆಮರಗಳ ಕೆಳಗೆ ಆಯ್ದೆವು. ಹೊಂಗೆ ಎಲೆ ಉದುರಿಸುವ ಕಾಲ. ಆಗತಾನೆ ಬಿದ್ದ, ಕಲೆಯಿಲ್ಲದ, ಯಾರೂ ಕಡಿಯದ ಎಲೆಯೇ ಆಗಬೇಕು. ಅವಳ ತಂದೆ ಬದುವಿನ ಮೇಲೆ ಕುಳಿತು ಬಹಳ ಹೊತ್ತು ನಮ್ಮನ್ನು ನೋಡಿದರು.

“ಏನ್ ಮೇಡಮ್ಮಾರೆ, ಓದ್ಲಿ ಅಂತ ಕಳುಸ್ದೋ. ಓದಿ ಓದಿ ಕೊನೀಗೆ ತರಗು ಗುಡ್ಸಕ್ ಬಂದ್ಬುಟ್ಲಲ್ಲ! ಇದ ಅವ್ವನೇ ಕಲುಸ್ತಿದ್ಲು, ಪುಕ್ಕಟೆ.”

“ಗುಡ್ಸದಲ್ಲ ಕನಪ್ಪ, ಆಯದು,” ಎಂದಳು ಮಗಳು, ತಲೆ ಎತ್ತದೆ.

“ಆಯವ್ವ, ಆಯಿ. ಒಳ್ಳೆವ್ನೆ ನೋಡ್ಕಂಡ್ ಆಯಿ. ಗಂಡು ನೋಡಕ್ಕಂದ್ರೆ ಮಾತ್ರ ಪುರ್ಸೊತ್ತಿಲ್ಲ.”

ಮೂರು ಗೋಣಿಚೀಲ ಎಲೆಯನ್ನು ಗಂಜಾಮಿಗೆ ತಂದು ಮಹಡಿಯ ಕೋಣೆಯಲ್ಲಿ ಹರವಿದೆ. ಬೇಸಿಗೆಯೆಲ್ಲ ಆ ಕೋಣೆಯಲ್ಲಿ ತೂಗುವುದು, ತುಂಬುವುದು, ಹೊಲಿಯುವುದು ನನ್ನ ಕೆಲಸವಾಯಿತು. ಶುಕ್ರವಾರ ನಿಮಿಷಾಂಬ ಗುಡಿಗೆ ಬರುವ ಜನರ ಗದ್ದಲ ಕೆಳಗೆ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯ ಮುಂದೆ ಫ್ಯಾನು ಆರಿಸಿಕೊಂಡು ಬೆವರುತ್ತ ಕುಳಿತ ನಾನು ಮೇಲೆ. ಪ್ರತಿ ಚೀಲಕ್ಕೂ ತೆಳುವಾದ ಅಲ್ಯುಮಿನಿಯಂ ಬಿಲ್ಲೆಯೊಂದನ್ನು ಪೋಣಿಸಿ, ಅದರ ಮೇಲೆ ಮೊಳೆಯಿಂದ ಒತ್ತಿ ಜಾಗದ ಮೊದಲಕ್ಷರವನ್ನೂ, ಸರದಿಗೆ ಒಂದರಿಂದ ಐದರವರೆಗೆ ಜೋಡಿಯ ಸಂಖ್ಯೆಯನ್ನೂ ಬರೆದೆ. ಅಂಕಿಗಳು ಕನ್ನಡದವೇ. ಬೇಡವೆಂದು ಹೇಳಿ ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮೃಗಶಿರೆಯ ಮೊದಲ ಮಳೆಯ ಮೇಲೆ ಚೀಲಗಳನ್ನು ಇಳಿಸಿದೆವು. ಅವಳ ಸ್ಕೂಟರಿನ ಹಿಂದೆ, ಐಸ್‌ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು ನಾನು. ನಾಗಮಂಗಲದ ಕಡೆಯ ಜಾಗ ಬಂಡೆಗಳ ನಡುವೆ. ಅಲ್ಲಿ ಹೊಳೆಯೆಂದರೆ ದಾಟಲು ಎರಡು ಹೆಜ್ಜೆ. ಕರಿಘಟ್ಟದ ಜಾಗ ಸಂಗಮಕ್ಕೆ ಸ್ವಲ್ಪ ಮೇಲೆ. ನಡುವಿನದು ಪಾಂಡವಪುರ ತಾಲ್ಲೂಕಿನ ಒಂದು ಊರ ಹೊರಗೆ, ಗದ್ದೆಗಳ ಅಂಚಿನಲ್ಲಿ. ಅದನ್ನು ಆರಿಸಿದವಳು ನಾನೇ. ನೆರಳಿಗೆ ಒಂದು ಮುದಿ ಹೊಂಗೆಮರ, ಅದರ ಬುಡದಲ್ಲಿ ಬಟ್ಟೆ ಒಗೆಯುವ ಚಪ್ಪಡಿ, ಚಪ್ಪಡಿಯ ಮರೆಯಲ್ಲಿ ನಿಂತೂ ನಿಲ್ಲದ ಹಾಗೆ ಹರಿಯುವ ನೀರು. ಎಲೆ ನೆನೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಹೆಮ್ಮೆಯಿಂದ ಹೇಳಿದೆ. ಹಾಗೆಂದು ತಿಳಿದವರು ನಮಗಿಂತ ಮೊದಲೇ ಅಲ್ಲಿ ಇದ್ದರೆಂಬುದು ನಮಗೆ ಗೊತ್ತಿರಲಿಲ್ಲ. ಮರಕ್ಕೆ, ಚೀಲಗಳನ್ನು ಯಾರೂ ಮುಟ್ಟಬಾರದೆಂದು ಒಂಬತ್ತು ಸಾಲಿನ ಸೂಚನಾಪತ್ರವನ್ನು ಪ್ಲಾಸ್ಟಿಕ್ ಹೊದಿಸಿ ಕಟ್ಟಿದೆ. ಊರೊಳಗೆ ಹೋಗಿ ನಾಲ್ಕು ಜನಕ್ಕೆ ಬಾಯಿಮಾತಿನಲ್ಲಿ ಹೇಳಿದ್ದರೆ ಆಗುತ್ತಿತ್ತು. ನನ್ನ ಗಂಟಲಿಗೆ ವಿಶ್ರಾಂತಿಯ ಅಗತ್ಯವಿತ್ತು. ಅದಕ್ಕಿಂತ ಹೆಚ್ಚಾಗಿ ನನಗೆ ಆ ಒಂಬತ್ತು ಸಾಲುಗಳ ಮೇಲೆ ನಂಬಿಕೆಯಿತ್ತು.

ಮೊದಲ ಸರದಿಯಲ್ಲಿ ನಾಗಮಂಗಲದ ಬಂಡೆಯ ಮೇಲೆ ಕುಳಿತು ಅವಳು ಒಂದು ಚೀಲವನ್ನು ಬಿಳಿಯ ತಟ್ಟೆಯೊಳಗೆ ತೊಳೆದಾಗ ನಾನು ಕಂಡದ್ದನ್ನು ಹೇಳದೆ ಮುಂದೆ ಹೋಗಲಾರೆ. ತಟ್ಟೆಯ ನೀರಿನಲ್ಲಿ ಎಲೆಯ ಚೂರುಗಳು ತಳ ಹಿಡಿದಿದ್ದವು. ಅದರಲ್ಲಿ ಒಂದು ಚೂರು ನಡೆಯಿತು.

“ಮೇಡಂ, ಉಸಿರು ಬಿಡ್ಬೇಡಿ, ನೋಡಿ.”

ಉಗುರಿನಷ್ಟಗಲದ ಎರಡು ಎಲೆಯ ಬಿಲ್ಲೆಗಳು, ಒಂದರ ಮೇಲೊಂದು. ಮೇಲಿನದು ಸ್ವಲ್ಪ ದೊಡ್ಡದು, ಕೊಡೆಯ ಹಾಗೆ. ಕೆಳಗಿನದು ಸ್ವಲ್ಪ ಚಿಕ್ಕದು. ಎರಡನ್ನೂ ಅಂಚಿನಲ್ಲಿ ರೇಷ್ಮೆಯಂಥ ನೂಲಿನಿಂದ ಸೇರಿಸಿದಂತಿತ್ತು. ನಡುವಿನಿಂದ ಒಂದು ಹುಳು ತಲೆಯನ್ನೂ ಮುಂಗಾಲುಗಳನ್ನೂ ಹೊರಹಾಕಿ, ತನ್ನ ಮನೆಯನ್ನು ತಾನೇ ಹೊತ್ತು ಹೊರಟಿತ್ತು. ಮದುವೆ ಮನೆಗಳಿಗೆ ಮುತ್ತುಗದ ಎಲೆ ಹಚ್ಚುತ್ತಿದ್ದ ನಮ್ಮ ಅಜ್ಜಿಯ ಕೈ ಕೂಡ ಅಂಚನ್ನು ಅಷ್ಟು ಸಮವಾಗಿ ಹೊಲಿಯುತ್ತಿರಲಿಲ್ಲ. ಅದು ದೊಡ್ಡದಾದ ಮೇಲೆ ರೆಕ್ಕೆ ಮೂಡಿ ಹಾರಿಹೋಗುತ್ತದೆಂದೂ, ಇಂಥವೇ ಎಲೆ ಕತ್ತರಿಸುವ ಹುಳುಗಳೆಂದೂ ಅವಳು ಹೇಳುತ್ತಿದ್ದಳು. ನಾನು ಪೆನ್ನು ಹಿಡಿದುಕೊಂಡು ಬರೆಯುವುದನ್ನೇ ಮರೆತಿದ್ದೆ.

“ಬರೀರಿ ಮೇಡಂ, ಒಂದು.”

ಒಂದು ಎಂದು ಬರೆದೆ. ಆ ಸಂಜೆಯೊಳಗೆ ಹದಿನಾಲ್ಕು ಆಯಿತು. ನಾಗಮಂಗಲದ ಬಸ್‌ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತ ಇಬ್ಬರೂ ಕಾರಣವಿಲ್ಲದೆ ನಗುತ್ತಿದ್ದೆವು. ಟೀ ಕೊಟ್ಟವನು ನಮ್ಮ ಒದ್ದೆ ಸೀರೆ, ಒದ್ದೆ ಪ್ಯಾಂಟುಗಳನ್ನು ನೋಡಿ ನಮ್ಮ ಬೆಂಚನ್ನು ಉಳಿದ ಗಿರಾಕಿಗಳಿಂದ ಇನ್ನಷ್ಟು ಆಚೆಗೆ ಸರಿಸಿಕೊಟ್ಟ.

ಮೂರು ಸರದಿಗಳು ಹೀಗೆ ಸಂತೋಷದಲ್ಲಿ ಕಳೆದವು. ನಾಲ್ಕನೆಯದು, ಕೊನೆಯದು, ಪುಷ್ಯ ಮಳೆಯ ಹೊತ್ತಿಗೆ ಬಂತು. ಕರಿಘಟ್ಟದ ಚೀಲಗಳನ್ನು ಹಿಂದಿನ ದಿನವೇ ಎತ್ತಿದ್ದೆವು. ನಾಗಮಂಗಲದವು ಮಧ್ಯಾಹ್ನಕ್ಕೆ. ಬೆಳಗ್ಗೆ ಎಂಟೂವರೆಗೆ ಪಾಂಡವಪುರದ ಜಾಗ ತಲುಪಿ ಅವಳು ನೀರಿಗಿಳಿದಳು. ಸಣ್ಣ ಕಣ್ಣಿನ ಚೀಲಗಳು ಐದೂ ಇದ್ದವು. ದೊಡ್ಡ ಕಣ್ಣಿನದು ಒಂದೇ ಒಂದು ಇತ್ತು. ಉಳಿದ ನಾಲ್ಕರ ದಾರ ಬಿಚ್ಚಿತ್ತು. ಹರಿದಿರಲಿಲ್ಲ, ನೀಟಾಗಿ ಗಂಟು ಬಿಚ್ಚಿ ಎತ್ತಿಕೊಂಡು ಹೋಗಿದ್ದರು.

ಅವಳು ಚಪ್ಪಡಿಯ ಸುತ್ತ ಕೈಯಾಡಿಸಿದಳು. ಕೆಳಗೆ ಬೇಲಿಯವರೆಗೆ ಹೋಗಿ ಬಂದಳು. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ ಹಾಗೆಯೇ ಕುಳಿತುಬಿಟ್ಟಳು, ನೀರು ಸೊಂಟದವರೆಗೆ ಬಂದದ್ದೂ ತಿಳಿಯದ ಹಾಗೆ.

“ಒಂದೇ ಉಳ್ದಿರೋದು ಮೇಡಂ. ಮೂರು ಬೇಕು.”

ಶೀಳನೆರೆಯ ಎಲೆ, ಬೇಸಿಗೆಯ ತಕ್ಕಡಿ, ನಾಗಮಂಗಲದ ಹದಿನಾಲ್ಕು ಹುಳು, ಎಲ್ಲ ಆ ಎರಡು ಚೀಲಗಳ ಕೊರತೆಯಿಂದ ಬಿಟ್ಟುಹೋಗುವವು.

ಅಷ್ಟರಲ್ಲಿ ದಡದ ಏರಿಯ ಆಚೆಯಿಂದ ಒಂದು ಹೆಣ್ಣುದನಿ ಕೇಳಿತು. ಹಿಂದಿನ ಬೆಂಚಿರಲಿ, ಪಕ್ಕದ ಊರಿಗೂ ಮುಟ್ಟುವ ದನಿ.

“ನಾನ್ಯಾಕೆ ಓಲೆ ಹಾಕ್ಲಿ ಸೊಪ್ಗೆ? ಸೊಪ್ಪೇನ್ ಸೀಮೆಹಸಾನಾ?”

ನನ್ನ ವಿದ್ಯಾರ್ಥಿನಿ ತಟ್ಟನೆ ನೀರಿನಿಂದ ಎದ್ದಳು. ಇಬ್ಬರೂ ಏರಿ ಹತ್ತಿದೆವು. ಕೆಳಗೆ ಉತ್ತು ಕೆಸರು ಮಾಡಿದ ಪುಟ್ಟ ಮಡಿ. ಭತ್ತದ ಸಸಿಗೆ ಬೀಜ ಚೆಲ್ಲುವ ಆ ಮಡಿಯನ್ನು ನಮ್ಮ ಕಡೆ ಒಟ್ಲು ಎನ್ನುತ್ತಾರೆ. ಅದರ ಒಂದು ಮೂಲೆಯಲ್ಲಿ ಅರವತ್ತರ ಆಸುಪಾಸಿನ ರೈತರೊಬ್ಬರು ಮೀನಖಂಡದವರೆಗೆ ಕೆಸರಿನಲ್ಲಿ ನಿಂತಿದ್ದರು. ಬದುವಿನ ಮೇಲೆ ಅವರ ಹೆಂಡತಿ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಅಲ್ಯುಮಿನಿಯಂ ಬಿಲ್ಲೆ.

“ನೀನೇ ನೆನೆಹಾಕಿದ್ದೀಯ ಅಂದ್ಕಂಡೆ ಕಣೆ! ವರ್ಸ ವರ್ಸವೂ ಅದೇ ಕಲ್ತಾವ ತಾನೆ ಮಡಗದು ನೀನು?”

“ನಾನ್ ಮಡಗದು ಈರುಳ್ಳಿ ಚೀಲ್ದಲ್ಲಿ. ಇಂಗೆ ನೂಲಲ್ಲಿ ಒಲ್ದು, ನಂಬ್ರಾಕಿ, ಸಿಂಗಾರ ಮಾಡಿ ಮಡಗ್ತೀನಾ ನಿನ್ ಒಟ್ಲಿಗೆ?”

“ಈ ವರ್ಸ ಒಸಿ ಸಂದಾಗ್ ಮಾಡವ್ಳೆ, ಬುದ್ಧಿ ಬಂದದೆ ಅಂದ್ಕಂಡೆ.”

“ಯಾರ್ಗೆ ಬುದ್ಧಿ ಬರ್ಬೇಕಾಗಿತ್ತು? ಓಲೆ ಹಾಕಿರೋ ದನ ಹೊಡ್ಕಂಡ್ ಬಂದ್ರೆ ಕೇಸಾಯ್ತದೆ. ಓಲೆ ಹಾಕಿರೋ ಸೊಪ್ ತಂದ್ರೆ ಬುಟ್ಬುಡ್ತಾರಾ?” ಎನ್ನುತ್ತ ಆಕೆ ತಿರುಗಿ ನಮ್ಮನ್ನು ಕಂಡರು. “ಅಗೋ, ಬಂದೇಬುಟ್ರು ನೋಡು!”

ವಿಮೆ ಮಾಡಿಸಿದ ಹಸುವಿನ ಕಿವಿಗೆ ಹಾಕುವ ಬಿಲ್ಲೆಯನ್ನು ಅವರು ಓಲೆ ಎನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ನನಗೆ ಕಂಡದ್ದು ಒಂದೇ: ಆಕೆಯ ಕಾಲ ಬಳಿ, ಮಡಿಗೆ ನೀರು ಹಾಯಿಸುವ ಸಣ್ಣ ಕಾಲುವೆಯಲ್ಲಿ, ಹರಿಯುವ ನೀರಿನೊಳಗೆ, ಬಾಯಿ ಬಿಚ್ಚದ ಎರಡು ಚೀಲಗಳು ಮುಳುಗಿದ್ದವು.

ಸಂಗತಿ ಬಿಡಿಸಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ. ಒಟ್ಲಿಗೆ ಬೀಜ ಚೆಲ್ಲುವ ದಿನ, ಮಡಿಯ ನಾಲ್ಕು ಮೂಲೆಗೂ ಹೊಳೆಯಲ್ಲಿ ನೆನೆದ ಹೊಂಗೆಸೊಪ್ಪನ್ನು ಒಂದೊಂದು ಹಿಡಿ ಹಾಕಿ ಮೊದಲು ತುಳಿಯಬೇಕು; ಆಮೇಲೆ ಉಳಿದ ಗೊಬ್ಬರ. ಸೊಪ್ಪನ್ನು ಮುಂಚಿತವಾಗಿ ನೆನೆಹಾಕುವುದು ಮನೆಯ ಹೆಣ್ಣಿನ ಕೆಲಸ. ನೆನೆಹಾಕುವ ಜಾಗ ಆ ಮುದಿ ಹೊಂಗೆಯ ಕೆಳಗಿನ ಚಪ್ಪಡಿ. ಈ ವರ್ಷ ಆಕೆ ತವರಿನಲ್ಲಿ ಮದುವೆಯೊಂದಕ್ಕೆ ಹೋಗಿ ತಡವಾಗಿ ಬಂದಿದ್ದರು. ಬೆಳಗ್ಗೆ ಗಂಡ ಚಪ್ಪಡಿಯ ಬಳಿ ಹೋಗಿ ನೋಡಿದರೆ, ಹದವಾಗಿ ನೆನೆದ ಹೊಂಗೆ, ಅಚ್ಚುಕಟ್ಟಾಗಿ, ಹಿಡಿಹಿಡಿಯಾಗಿ ಸಿದ್ಧವಾಗಿತ್ತು. ಹೆಂಡತಿಯನ್ನು ಮನಸ್ಸಿನಲ್ಲೇ ಹೊಗಳಿ, ನಾಲ್ಕು ಮೂಲೆಗೆ ನಾಲ್ಕನ್ನು ಬಿಚ್ಚಿ ತಂದಿದ್ದರು.

“ಅಲ್ಲೊಂದು ನೋಟೀಸ್ ಹಾಕಿತ್ತಲ್ಲ,” ಎಂದೆ ನಾನು.

“ಅದಾ? ಕರೆಂಟಿನೋರ್ದು ಅಂದ್ಕಂಡೆ ಕಣ್ರವ್ವ. ಅಷ್ಟುದ್ದ ಅವ್ರೇ ಬರೆಯದು.”

ಒಂಬತ್ತು ಸಾಲುಗಳ ಬಗ್ಗೆ ನಾನು ಮತ್ತೆ ಮಾತೆತ್ತಲಿಲ್ಲ.

ಎರಡು ಮೂಲೆಗಳನ್ನು ಆಗಲೇ ತುಳಿದಾಗಿತ್ತು. ಮೂರನೆಯದಕ್ಕೆ ಕೈ ಹಾಕುವಾಗ, ಬುತ್ತಿ ತಂದ ಹೆಂಡತಿ, ಬದುವಿನ ಮೇಲೆ ಬಿದ್ದಿದ್ದ ಖಾಲಿ ಚೀಲವನ್ನು ಪಾತ್ರೆ ಉಜ್ಜಲು ಬರುತ್ತದೆಂದು ಎತ್ತಿಕೊಂಡಾಗ, ಬಿಲ್ಲೆ ಕಂಡಿತ್ತು. ರೈತರಿಗೆ ವಿಷಯ ಅರ್ಥವಾದ ಮೇಲೆ ಮುಖ ಬಾಡಿತು.

“ತಪ್ಪಾಯ್ತು ಕಣವ್ವ. ತುಳ್ದಿರೋದ ಕೆಸರಿಂದ ಆಯ್ಕೊಡ್ಲಾ?”

“ನೀನ್ ತುಳ್ದಿರೋದ ಆಯಕ್ಕೆ ಕೊಕ್ಕರೇನೇ ಬರ್ಬೇಕು, ಸುಮ್ಕಿರು,” ಎಂದರು ಆಕೆ.

ನನ್ನ ಹುಡುಗಿ ಮಾತ್ರ ಏನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಾಲುವೆಯ ಪಕ್ಕ ಮಂಡಿಯೂರಿ, ಎರಡು ಚೀಲಗಳನ್ನೂ ನೀರಿನ ಸಮೇತ ಡಬ್ಬಿಗಿಳಿಸುತ್ತ, ತುಟಿಯಲ್ಲೇ ಎಣಿಸುತ್ತಿದ್ದಳು. ಹೊಳೆಯಲ್ಲಿ ಒಂದು, ಇಲ್ಲಿ ಎರಡು.

“ಮೂರು ಮೇಡಂ,” ಎಂದಳು. ಡಬ್ಬಿಯ ಮುಚ್ಚಳ ಬಿಗಿದು ಮತ್ತೊಮ್ಮೆ ಹೇಳಿದಳು. “ಮೂರು.”

ರೈತರಿಗೆ ಸಮಾಧಾನವಾಗಲೆಂದು ಅವಳು ಒಂದು ಚೀಲದಿಂದ ಹುಳುವೊಂದನ್ನು ತಟ್ಟೆಗೆ ಬಿಟ್ಟು ತೋರಿಸಿದಳು. ಇದು ಹೊಳೆಗೆ ಬಿದ್ದ ಎಲೆಯನ್ನು ಕತ್ತರಿಸಿ, ತಿಂದು, ನುಚ್ಚು ಮಾಡಿ ನೀರಿಗೆ ಸೇರಿಸುತ್ತದೆ, ಇದು ಎಷ್ಟು ಕೆಲಸ ಮಾಡುತ್ತದೆಂದು ಅಳೆಯುವುದೇ ತನ್ನ ಕೆಲಸ ಎಂದಳು. ಅವರು ಕೆಸರುಗಾಲಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

“ಅಂಗಾದ್ರೆ ಗದ್ದೇಲಿ ನಾವ್ ತುಳೀತೀವಿ, ಹೊಳೇಲಿ ಇವು ತುಳೀತವೆ ಅನ್ನಿ. ಇವ್ಕೆ ಕೂಲಿ ಇಲ್ಲ.”

“ನಿಂಗೇನ್ ಕೂಲಿ ಕೊಡ್ತಾವ್ರೆ?” ಎಂದರು ಹೆಂಡತಿ.

“ಇಲ್ವಲ್ಲ, ಅದ್ಕೇ ಅಂದೆ, ನಾವೂ ಇವೂ ಒಂದೇ ಜಾತಿ.”

ಹೊಳೆಯ ಹುಳುಗಳನ್ನು ಕುರಿತು ಅನಂತರ ನಾನು ಓದಿದ ಯಾವ ಬರಹವೂ ಇಷ್ಟು ಸಲೀಸಾಗಿರಲಿಲ್ಲ.

ಹೊಂಗೆಯ ನೆರಳಿಗೆ ವಾಪಸು ಬಂದು ನೋಟ್‌ಬುಕ್ ತೆರೆದೆ. ಪ್ರತಿ ಪುಟದ ಕೊನೆಯಲ್ಲಿ ‘ವಿಶೇಷ ಟಿಪ್ಪಣಿ’ ಎಂದು ಒಂದು ಅಂಕಣವಿತ್ತು. ನಾನೇ ಗೆರೆ ಎಳೆದದ್ದು. ಅಲ್ಲಿಯವರೆಗೆ ಮಳೆ, ಮೋಡ, ದನ ದಾಟಿದ್ದು ಇಂಥವನ್ನು ಬರೆದಿದ್ದೆ. ಈ ಎರಡು ಚೀಲಗಳು ಸ್ವಲ್ಪ ಹೊತ್ತು ಹೊಳೆಯಿಂದ ಹೊರಗಿದ್ದವೆಂದು ಬರೆದರೆ, ದೂರದಲ್ಲಿ ಕುಳಿತು ಪಟ್ಟಿ ನೋಡುವವರು ಅವನ್ನು ತೆಗೆದುಹಾಕಬಹುದು. ಬರೆಯದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಎಲೆಯೂ ಒಣಗಿಲ್ಲ, ಹುಳುವೂ ಸತ್ತಿಲ್ಲ. ಒಂದಕ್ಷರದ ತಪ್ಪಿಗೆ ಪೂರ್ತಿ ಅಂಕ ಕಳೆಯುತ್ತಿದ್ದ ನಾನು, ಆ ಖಾಲಿ ಅಂಕಣದ ಮೇಲೆ ಪೆನ್ನು ಹಿಡಿದು, ಬರೆಯದೆ ಕುಳಿತೆ. ಅವಳ ಒದ್ದೆಯಾದ ಬೆನ್ನು ನನ್ನೆದುರಿಗಿತ್ತು.

ಅವಳು ತಿರುಗಿ ನೋಡಿದಳು. ನಾನು ಏಕೆ ಬರೆಯುತ್ತಿಲ್ಲವೆಂದು ತಿಳಿಯಲು ಅವಳಿಗೆ ಹೊತ್ತು ಬೇಕಾಗಲಿಲ್ಲ.

“ಬರೀರಿ ಮೇಡಂ.”

“ತೆಗೆದುಹಾಕಿಬಿಟ್ಟರೆ?”

“ಹಾಕ್ಲಿ. ಬರೀದೆ ಹೋದ್ರೆ ಆ ಮ್ಯಾಪಲ್ಲಿರೋ ಚುಕ್ಕಿ ನಮ್ ಹೊಳೇದಾಗಿರಲ್ಲ.” ಆಮೇಲೆ ನಕ್ಕು, “ನೀವ್ ಬರೀದೆ ಇದ್ರೆ ನಂಗೆ ಭಯ ಆಯ್ತದೆ ಮೇಡಂ, ಹುಷಾರಿಲ್ವೇನೋ ಅಂತ,” ಎಂದಳು.

ಬರೆದೆ. ನಡೆದದ್ದನ್ನು ನಡೆದ ಕ್ರಮದಲ್ಲಿ, ಓಲೆಯೊಂದನ್ನು ಬಿಟ್ಟು, ಎಲ್ಲವನ್ನೂ ಬರೆದೆ.

ಆ ಮಧ್ಯಾಹ್ನ ನಾಗಮಂಗಲದ ಚೀಲಗಳು ಐದೂ ಜೋಡಿ ಸಿಕ್ಕವು. ಅವಳು ಟಿಪ್ಪಣಿಯನ್ನು ಇಂಗ್ಲಿಷಿಗೆ ತಿರುಗಿಸಿ, ಪಟ್ಟಿಯ ಮೇಲ್ವಿಚಾರಕರಿಗೆ ಕಳುಹಿಸಿದಳು. ನಾಲ್ಕು ದಿನ ಸುದ್ದಿಯಿಲ್ಲ. ಆ ನಾಲ್ಕು ದಿನ ನಾವು ನನ್ನ ಮಹಡಿಯಲ್ಲಿ ಹುಳು ಎಣಿಸಿದೆವು. ಎಣಿಸುವಾಗ ಅವಳು ಹಾಡು ಗುನುಗುವುದನ್ನು ನಿಲ್ಲಿಸಿದ್ದಳು. ಐದನೆಯ ದಿನ ಉತ್ತರದ ಬದಲು ಒಂದು ಪ್ರಶ್ನೆ ಬಂತು: ಚೀಲಗಳನ್ನು ಇಟ್ಟಿದ್ದ ಕಾಲುವೆಯ ನೀರು ಅದೇ ಹೊಳೆಯದೇ, ಹರಿಯುತ್ತಿತ್ತೇ, ಮತ್ತು ಅವು ಅಲ್ಲಿ ಎಷ್ಟು ಹೊತ್ತು ಇದ್ದವು?

ಮರುಬೆಳಗ್ಗೆಯೇ ಸ್ಕೂಟರು ಪಾಂಡವಪುರದ ದಾರಿ ಹಿಡಿಯಿತು. ಒಟ್ಲಿನಲ್ಲಿ ಬೀಜ ಮೊಳೆತು, ಮಡಿಯ ಮೇಲೆ ಹಸಿರು ಹಾಸಿದಂತೆ ಕಾಣುತ್ತಿತ್ತು. ಗಂಡಹೆಂಡಿರಿಬ್ಬರೂ ಹಟ್ಟಿಯ ಮುಂದಿದ್ದರು.

“ನೀರು ಹೊಳೇದೇ ಕಣವ್ವ. ಮೇಲ್ಗಡೆ ಒಡ್ಡು ಕಟ್ಟಿ ತಿರುಗ್ಸಿರೋದು. ಬನ್ನಿ ತೋರಿಸ್ತೀನಿ,” ಎಂದು ರೈತರು ನಡೆದು ತೋರಿಸಿದರು. ಅವಳು ಫೋಟೋ ತೆಗೆದಳು. ಹೊತ್ತಿನ ಪ್ರಶ್ನೆ ಬಂದಾಗ ಮಾತ್ರ ತಲೆ ಕೆರೆದುಕೊಂಡರು. “ಹೊತ್ತ್ ಮೂಡಿತ್ತಪ್ಪ. ಅಷ್ಟ್ ಗ್ಯಾನ.”

“ನಿಂಗೇನ್ ಗ್ಯಾನ ಇದ್ದದು? ನಾ ಹೇಳ್ತೀನಿ ಬರ್ಕಳಿ ಮೇಷ್ಟ್ರ‌ಮ್ಮ,” ಎಂದು ಹೆಂಡತಿ ಮುಂದೆ ಬಂದರು. “ಇವ್ರು ಮನೆ ಬುಟ್ಟಾಗ ಮೇಲುಕೋಟೆ ಬಸ್ಸು ಹೋಯ್ತು. ನಾನ್ ಬುತ್ತಿ ಕಟ್ಕಂಡ್ ಹೊಂಟಾಗ ಸ್ಕೂಲ್ ವ್ಯಾನು ಬಂತು. ನೀವ್ ಏರಿ ಮೇಲೆ ನಿಂತಾಗ ಹಾಲಿನ ಲಾರಿ ಹಾರನ್ ಹೊಡೀತು, ನಿಮ್ಗೇ ಕೇಳಿರ್ಬೇಕು. ಒಂದಾದ್ರೂ ಸುಳ್ಳಾ, ಯೋಳಿ.”

ಊರ ಬಾಗಿಲಿಗೆ ಹೋಗಿ ಮೂರು ಗಾಡಿಗಳ ಹೊತ್ತನ್ನೂ ಅಂಗಡಿಯವರಲ್ಲಿ ವಿಚಾರಿಸಿ ಬರೆದುಕೊಂಡೆ. ಚೀಲಗಳು ಹೊಳೆಯಿಂದ ಹೊರಗಿದ್ದದ್ದು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆ. ನನ್ನ ಇಪ್ಪತ್ತಾರು ವರ್ಷಗಳ ತರಗತಿಗಳಲ್ಲಿ ಒಂದು ಪ್ರಶ್ನೆಗೆ ಇಷ್ಟು ಕ್ರಮಬದ್ಧವಾದ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ. ಆಕೆ ಏಳನೆಯ ತರಗತಿಗೆ ಶಾಲೆ ಬಿಟ್ಟವರೆಂದು ತಿಳಿದು ಒಳಗೊಳಗೇ ಚುಚ್ಚಿದಂತಾಯಿತು. ರಾಗಿಮುದ್ದೆ, ಬಸ್ಸಾರು ಉಣ್ಣಿಸದೆ ಅವರು ನಮ್ಮನ್ನು ಬಿಡಲಿಲ್ಲ.

ಒಪ್ಪಿಗೆ ಬಂದದ್ದು ಮುಂದಿನ ವಾರ. ನಾನು ಕೊನೆಯ ಚೀಲಗಳ ಎಲೆಯನ್ನು ತೂಗುತ್ತಿದ್ದೆ. ಅವಳು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದದ್ದು ಸದ್ದಿನಿಂದಲೇ ತಿಳಿಯಿತು. ಹರಿಯುವ ಅದೇ ನೀರಿನಲ್ಲಿದ್ದುದರಿಂದ ಎರಡೂ ಚೀಲಗಳನ್ನು, ಟಿಪ್ಪಣಿಯ ಸಮೇತ, ಸ್ವೀಕರಿಸಿದ್ದೇವೆ ಎಂದಿತ್ತು. ಲೋಕಪಾವನಿ ಪಟ್ಟಿಯಲ್ಲಿ ಉಳಿಯಿತು. ಆಗ ಅವಳು ನನ್ನ ತಕ್ಕಡಿಯನ್ನು ನೋಡಿದಳು. ಒಂದು ತಟ್ಟೆಯಲ್ಲಿ ಸಣ್ಣ ಕಣ್ಣಿನ ಚೀಲದ ಎಲೆ, ಇನ್ನೊಂದರಲ್ಲಿ ದೊಡ್ಡ ಕಣ್ಣಿನದು. ದೊಡ್ಡ ಕಣ್ಣಿನ ಕಡೆ ಮೇಲಕ್ಕೆ, ಸಾಕಷ್ಟು ಮೇಲಕ್ಕೆ, ನಿಂತಿತ್ತು. ಆ ಎತ್ತರವೆಲ್ಲ ನಮ್ಮ ಹುಳುಗಳು ಉಂಡದ್ದು.

“ಐತೆ ಅಂದಿದ್ನಲ್ಲ ಮೇಡಂ!” ಎಂದು ಕೂಗಿದಳು. ನಾನೂ ಕೂಗಿದೆ. ವೈದ್ಯರಿಗೆ ಇದನ್ನು ಹೇಳಿಲ್ಲ.

ಸುದ್ದಿ ಹೇಳಲು ಮತ್ತೆ ಹೋದಾಗ ಒಟ್ಲಿನ ಸಸಿ ಕೀಳುವ ಹದಕ್ಕೆ ಬಂದಿತ್ತು. ರೈತರು ಲೋಕದ ಭೂಪಟದಲ್ಲಿ ತಮ್ಮ ಚಪ್ಪಡಿಕಲ್ಲು ಕಾಣಿಸುತ್ತದೆಯೇ ಎಂದು ಕೇಳಿದರು. ಕಾಣಿಸುವುದಿಲ್ಲ, ಹೊಳೆಗೆಲ್ಲ ಸೇರಿ ಒಂದು ಚುಕ್ಕಿ ಎಂದು ಅವಳು ಹೇಳಿದಳು. “ಚುಕ್ಕೀಲಿ ನಾವೂ ಇದ್ದೀವಿ ತಗೋ,” ಎಂದು ಅವರೇ ತೀರ್ಮಾನಿಸಿಕೊಂಡರು.

ಹೊರಡುವಾಗ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಒಂದು ಕೆಂಪು ಈರುಳ್ಳಿ ಚೀಲವಿತ್ತು.

“ಮೇಷ್ಟ್ರ‌ಮ್ಮ, ಒಂದ್ ಓಲೆ ಇದ್ರೆ ನಂಗೂ ಕೊಡಿ. ಬರೋ ವರ್ಸ ಇದ್ಕೆ ಕಟ್ತೀನಿ. ಇಲ್ದಿದ್ರೆ ಈ ವಯ್ಯ ಇನ್ಯಾರ್ದೋ ಸೊಪ್ ತಂದು ತುಳೀತಾನೆ.”

“ಏ, ಕೇಳುಸ್ತದೆ ನಂಗೆ,” ಎಂದರು ರೈತರು, ಹಟ್ಟಿಯ ಒಳಗಿನಿಂದ.

“ಕೇಳುಸ್ಲಿ ಅಂತ್ಲೇ ಅಂದಿದ್ದು.”

ನನ್ನ ಚೀಲದಲ್ಲಿ ಬರೆಯದ ಬಿಲ್ಲೆಗಳು ಇನ್ನೂ ಇದ್ದವು. ಹಟ್ಟಿಯ ಜಗುಲಿಯ ಮೇಲೆ ಕುಳಿತು ಮೊಳೆ ತೆಗೆದೆ. ಆ ಜಾಗದ ಕೊನೆಯ ಸರದಿಯಲ್ಲಿ ನಮ್ಮ ಚೀಲಗಳು ‘ಪಾ ೧’ರಿಂದ ‘ಪಾ ೫’ರವರೆಗೆ ಇದ್ದವು. ಕ್ರಮ ತಪ್ಪಬಾರದು. ‘ಪಾ ೬’ ಎಂದು ಒತ್ತಿ ಬರೆದು, ಬಾಯಿಯ ಬಳಿ ನೂಲಿನಿಂದ ಎರಡು ಗಂಟು ಹಾಕಿ ಕಟ್ಟಿಕೊಟ್ಟೆ. ನನ್ನ ಹುಡುಗಿ ಸ್ಕೂಟರು ಚಾಲೂ ಮಾಡಿಕೊಂಡು ಕಾಯುತ್ತಿದ್ದಳು. ನಾನು ಅವಳಿಗೆ ಒಂದು ನಿಮಿಷ ತಡೆಯಲು ಕೈ ಮಾಡಿ, ನೋಟ್‌ಬುಕ್ ತೆರೆದು, ಆರನೆಯ ಚೀಲವನ್ನು ಅದರ ಒಡತಿಯ ಹೆಸರಿನ ಸಮೇತ ವಿಶೇಷ ಟಿಪ್ಪಣಿಯ ಅಂಕಣದಲ್ಲಿ ದಾಖಲಿಸಿದೆ.